ಸೆಜ್‌ಮೂರ್‌ಗೆ ಹೊರಟವರಿಗೆ: ಮೊದಲು ಚರ್ಚು, ಆಮೇಲೆ ಬಯಲು

ಸೆಜ್‌ಮೂರ್ ರಣರಂಗದಲ್ಲಿ ನೋಡಲು ಹೆಚ್ಚೇನೂ ಇಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೋಟೆ ಇಲ್ಲ, ಬುರುಜಿಲ್ಲ, ಟಿಕೆಟ್ ಕೌಂಟರೂ ಇಲ್ಲ. ಇಂಗ್ಲೆಂಡಿನ ಸಾಮರ್‌ಸೆಟ್‌ನ ಹುಲ್ಲುಗಾವಲು, ದನಗಳು, ಒಂದು ಸ್ಮಾರಕದ ಕಲ್ಲು, ಅಷ್ಟೇ. ಆದರೂ ಹೋಗಿ. 1685ರ ದಂಗೆಯ ಕಥೆ ಸಿಗುವುದು ಸೋತವರನ್ನು ಕೂಡಿಹಾಕಿದ, ವಿಚಾರಣೆ ಮಾಡಿದ, ನೇಣಿಗೆ ಹಾಕಿದ ಜಾಗಗಳಲ್ಲಿ. ಪ್ರವಾಸವನ್ನೂ ಅದರಂತೆಯೇ ಹೊಂದಿಸಿಕೊಳ್ಳಿ.

ಹಿನ್ನೆಲೆ ಇಷ್ಟು: ಎರಡನೇ ಚಾರ್ಲ್ಸ್ ತೀರಿಕೊಂಡ ಮೇಲೆ ಅವನ ತಮ್ಮ ಎರಡನೇ ಜೇಮ್ಸ್ ಪಟ್ಟಕ್ಕೆ ಬಂದ. ಇವನು ಕ್ಯಾಥೊಲಿಕ್. ಚಾರ್ಲ್ಸ್‌ಗೆ ಮದುವೆಯಾಚೆ ಹುಟ್ಟಿದ ಮಗ ಮನ್‌ಮತ್ ಡ್ಯೂಕ್, ಪ್ರಾಟೆಸ್ಟೆಂಟ್. ಚಿಕ್ಕಪ್ಪನ ಸಿಂಹಾಸನ ತನಗೆ ಸೇರಬೇಕೆಂದು ಹಾಲೆಂಡಿನಿಂದ ಮೂರು ಹಡಗು, ಎಂಬತ್ತು ಚಿಲ್ಲರೆ ಜನರೊಂದಿಗೆ ಜೂನ್ 11ರಂದು ಲೈಮ್ ರೀಜಿಸ್ ಕಡಲತೀರಕ್ಕೆ ಬಂದಿಳಿದ. ನೇಕಾರರು, ರೈತರು, ಕುಶಲಕರ್ಮಿಗಳು ಬಂದು ಸೇರಿದರು. ಅವನು ನೆಚ್ಚಿಕೊಂಡಿದ್ದ ದೊಡ್ಡ ಮನೆತನದವರು ಮಾತ್ರ ಮನೆ ಬಿಟ್ಟು ಹೊರಡಲಿಲ್ಲ.

ಉಳಿದುಕೊಳ್ಳಲು ಟಾಂಟನ್ ಅನುಕೂಲ. ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ರೈಲಿನಲ್ಲಿ ಸುಮಾರು ಎರಡು ಗಂಟೆ. ಅಲ್ಲಿಂದ ಬ್ರಿಜ್‌ವಾಟರ್‌ಗೆ ಇನ್ನೊಂದು ಚಿಕ್ಕ ರೈಲು ಪ್ರಯಾಣ. ರಣರಂಗದ ಪಕ್ಕದ ಊರು ವೆಸ್ಟನ್‌ಜಾಯ್ಲೆಂಡ್ ಬ್ರಿಜ್‌ವಾಟರ್‌ನಿಂದ ಆರೇಳು ಕಿಲೋಮೀಟರ್. ಬಸ್ಸು ಅಪರೂಪ, ಭಾನುವಾರ ನಂಬಿಕೊಳ್ಳಲೇಬೇಡಿ. ಟ್ಯಾಕ್ಸಿಯಲ್ಲಿ ಹೋಗುವುದಾದರೆ ವಾಪಸ್ ಕರೆದೊಯ್ಯುವ ಹೊತ್ತನ್ನೂ ಇಳಿಯುವಾಗಲೇ ಮಾತಾಡಿಕೊಳ್ಳಿ. ಸಸ್ಯಾಹಾರಿಗಳು ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋದರೆ ಹಳ್ಳಿಯಲ್ಲಿ ಊಟಕ್ಕೆ ಅಲೆಯಬೇಕಿಲ್ಲ.

ಊರಿಗೆ ಕಾಲಿಟ್ಟ ಕೂಡಲೇ ಸೇಂಟ್ ಮೇರಿ ಚರ್ಚಿಗೆ ಹೋಗಿ. ಯುದ್ಧದ ವಿವರ ತಿಳಿಸುವ ಫಲಕಗಳು ಒಳಗಿವೆ, ಅವನ್ನು ಓದದೆ ಬಯಲಿಗೆ ಹೋದರೆ ಬರೀ ಹುಲ್ಲು ಕಾಣುತ್ತದೆ. ಸೋತ ಬೆಳಿಗ್ಗೆ ಸುಮಾರು 500 ಮಂದಿಯನ್ನು ತಂದು ಇದೇ ಚರ್ಚಿನೊಳಗೆ ತುಂಬಿದರು. ಅವರಲ್ಲಿ ಹಲವರು ಗಾಯಾಳುಗಳು, ಕೆಲವರು ಅಲ್ಲೇ ಸತ್ತರು. ಕೈದಿಗಳನ್ನು ಹೊರಗೆ ಸಾಗಿಸಿದ ಮೇಲೆ ನಾತ ಹೋಗಲೆಂದು ಧೂಪ, ರಾಳ ತರಿಸಿ ಸುಟ್ಟ ಖರ್ಚು ಚರ್ಚಿನ ಲೆಕ್ಕದ ಪುಸ್ತಕದಲ್ಲಿದೆ. ಆ ಒಂದು ಸಾಲಿನ ಲೆಕ್ಕ ಯುದ್ಧದ ನಕ್ಷೆಗಳಿಗಿಂತ ಹೆಚ್ಚು ಹೇಳುತ್ತದೆ ಎಂಬುದು ನನ್ನ ಅನಿಸಿಕೆ. ಕತ್ತೆತ್ತಿ ಮರದ ಚಾವಣಿಯನ್ನೂ ನೋಡಿ. ಕೆತ್ತಿದ ದೇವದೂತರು ಆ ರಾತ್ರಿಯೂ ಅಲ್ಲೇ ಇದ್ದರು.

ಚರ್ಚಿನಿಂದ ಬಯಲಿಗೆ ನಡೆದೇ ಹೋಗಬಹುದು. ಹವೆ ಒಣಗಿದ್ದರೂ ಗಂಬೂಟು ಹಾಕಿಕೊಳ್ಳಿ, ಇದು ಜೌಗು ಬಸಿದು ಮಾಡಿದ ನೆಲ. ಜುಲೈ 6ರ ನಸುಕಿಗೂ ಮುಂಚೆ, ಮಂಜಿನಲ್ಲಿ, ಮನ್‌ಮತ್‌ನ ಮೂರೂವರೆ ಸಾವಿರದಷ್ಟು ಜನ ಸದ್ದಿಲ್ಲದೆ ರಾಜನ ಪಾಳೆಯದತ್ತ ಬಂದರು. ಹಲವರ ಕೈಯಲ್ಲಿ ಕೋಲಿಗೆ ಕಟ್ಟಿದ ಕುಡುಗೋಲು. ಎಲ್ಲೋ ಒಂದು ಪಿಸ್ತೂಲು ಹಾರಿತು, ಪಾಳೆಯ ಎಚ್ಚೆತ್ತಿತು. ನಡುವೆ ಬಸೆಕ್ಸ್ ರೀನ್ ಎಂಬ ಕಾಲುವೆ. ಅದನ್ನು ದಾಟಲಾಗದೆ ದಡದಲ್ಲೇ ನಿಂತವರನ್ನು ಬೆಳಕು ಹರಿಯುತ್ತಿದ್ದಂತೆ ಫಿರಂಗಿಗಳು ಹೊಡೆದುರುಳಿಸಿದವು. ಆ ಕಾಲುವೆ ಮುಚ್ಚಿಹೋಗಿದೆ, ಹುಡುಕಬೇಡಿ. ಅಷ್ಟು ದೂರದಲ್ಲಿ ಕಾಣುವ ದೊಡ್ಡ ಕಾಲುವೆ ನೂರು ವರ್ಷ ಆಮೇಲಿನದು, ಹಲವರು ಅದರ ಫೋಟೋ ತೆಗೆದು ತೃಪ್ತಿಪಡುತ್ತಾರೆ. ಸ್ಮಾರಕದ ಸುತ್ತಲಿನ ಗಿಡ್ಡ ಕಲ್ಲುಗಳ ಮೇಲಿರುವ ಬೇರೆ ಯುದ್ಧಗಳ ಹೆಸರುಗಳಲ್ಲಿ ನಮ್ಮ ಪ್ಲಾಸಿಯೂ ಒಂದು. ಅದನ್ನು ಇಲ್ಲಿ ಏಕೆ ನೆಟ್ಟರೋ!

ಇನ್ನು ಟಾಂಟನ್. ಜೂನ್ 20ರಂದು ಮನ್‌ಮತ್ ರಾಜನೆಂದು ಘೋಷಣೆಯಾದದ್ದು ಈ ಊರಲ್ಲೇ. ಶಾಲೆಯ ಹುಡುಗಿಯರು ತಾವೇ ಹೊಲಿದ ಬಾವುಟಗಳನ್ನು ಅವನಿಗೆ ಕೊಟ್ಟಿದ್ದರು. ಮೂರು ತಿಂಗಳಾಗುವಷ್ಟರಲ್ಲಿ ಇದೇ ಊರಿನ ಕೋಟೆಯ ದೊಡ್ಡ ಹಜಾರದಲ್ಲಿ ದಂಗೆಯವರ ವಿಚಾರಣೆಗೆ ನ್ಯಾಯಾಧೀಶ ಜೆಫ್ರಿಸ್ ಬಂದು ಕೂತ. ಕೋಟೆ ಈಗ ಸಾಮರ್‌ಸೆಟ್ ಮ್ಯೂಸಿಯಂ. ಪ್ರವೇಶ ಉಚಿತ, ತೆರೆದಿರುವ ದಿನಗಳನ್ನು ನೋಡಿಕೊಂಡು ಹೋಗಿ. ಅರ್ಧ ದಿನವನ್ನಾದರೂ ಇಲ್ಲಿಗೆ ಮೀಸಲಿಡಿ. ಜೆಫ್ರಿಸ್ ವಿಂಚೆಸ್ಟರ್, ಡಾರ್ಚೆಸ್ಟರ್, ಟಾಂಟನ್, ವೆಲ್ಸ್ ಹೀಗೆ ಊರೂರು ಸುತ್ತಿದ. 300ಕ್ಕೂ ಹೆಚ್ಚು ಜನರಿಗೆ ಮರಣದಂಡನೆ ಜಾರಿಯಾಯಿತು, 800ರಷ್ಟು ಜನರನ್ನು ವೆಸ್ಟ್ ಇಂಡೀಸ್‌ಗೆ ಕೂಲಿಗೆ ಸಾಗಿಸಿದರು. ಹೆಣಗಳನ್ನು ತುಂಡುಮಾಡಿ, ಉಪ್ಪುನೀರಲ್ಲಿ ಬೇಯಿಸಿ, ಡಾಂಬರು ಬಳಿದು ಹಳ್ಳಿಹಳ್ಳಿಯಲ್ಲಿ ತೂಗುಹಾಕಿದರು. ಮಕ್ಕಳನ್ನು ಕರೆದೊಯ್ಯುವವರು ಎಷ್ಟು ಹೇಳಬೇಕೆಂದು ಮೊದಲೇ ಯೋಚಿಸಿಕೊಳ್ಳಿ. ಮನ್‌ಮತ್‌ನ ತಲೆ ಅಷ್ಟರಲ್ಲಾಗಲೇ, ಜುಲೈ 15ರಂದು, ಲಂಡನ್ನಿನ ಟವರ್ ಹಿಲ್‌ನಲ್ಲಿ ಉರುಳಿತ್ತು. ಒಂದೇ ಏಟಿಗಲ್ಲ.

ಲೈಮ್ ರೀಜಿಸ್ ಕೊನೆಗಿರಲಿ. ರೈಲು ಆಕ್ಸ್‌ಮಿನ್‌ಸ್ಟರ್‌ವರೆಗೆ ಮಾತ್ರ, ಅಲ್ಲಿಂದ ಬಸ್ಸು. ಕಾಬ್ ಎಂಬ ಹಳೆಯ ಕಲ್ಲಿನ ಬಂದರುಗೋಡೆಯ ಪಶ್ಚಿಮಕ್ಕೆ ಇರುವುದೇ ಮನ್‌ಮತ್ ಬೀಚ್. ಅವನು ಇಳಿದ ಆ ತೀರದಲ್ಲೇ ಸೆಪ್ಟೆಂಬರ್‌ನಲ್ಲಿ ಅವನ ಕಡೆಯ 12 ಮಂದಿಯನ್ನು ನೇಣಿಗೆ ಹಾಕಿದರು. ಈಗ ಜನ ಬರುವುದು ಪಳೆಯುಳಿಕೆ ಆರಿಸಲು. ನೀವೂ ಆರಿಸಿ, ಆದರೆ ಭರತದ ಸಮಯ ನೋಡಿಕೊಳ್ಳಿ, ಬಂಡೆಯ ಬುಡಕ್ಕೆ ಹೋಗಬೇಡಿ, ಕುಸಿಯುತ್ತಿರುತ್ತದೆ.

ಇನ್ನೂ ಸಮಯ ಉಳಿದರೆ ಡೆವನ್‌ನ ಬ್ರಿಕ್ಸಮ್‌ಗೆ ಹೋಗಿ. 1688ರ ನವೆಂಬರ್ 5ರಂದು ಜೇಮ್ಸ್‌ನ ಅಳಿಯ, ಹಾಲೆಂಡಿನ ಪ್ರಾಟೆಸ್ಟೆಂಟ್ ದೊರೆ ವಿಲಿಯಂ ಆಫ್ ಆರೆಂಜ್ ಮಾವನ ವಿರುದ್ಧ ಬಂದು ಇಳಿದದ್ದು ಅಲ್ಲಿ, ದೊಡ್ಡ ಸೈನ್ಯದೊಂದಿಗೆ. ಸೆಜ್‌ಮೂರ್‌ನಲ್ಲಿ ರಾಜನ ಪರ ಹೋರಾಡಿದ್ದ ಜಾನ್ ಚರ್ಚಿಲ್ ಈ ಸಲ ವಿಲಿಯಂ ಪಕ್ಷಕ್ಕೆ ಜಿಗಿದ, ಜೇಮ್ಸ್ ಫ್ರಾನ್ಸ್‌ಗೆ ಓಡಿಹೋದ. ಬಂದರಿನಲ್ಲಿ ವಿಲಿಯಂನ ಪ್ರತಿಮೆ ಇದೆ. ಬ್ರಿಕ್ಸಮ್‌ಗೆ ರೈಲಿಲ್ಲ, ಪೇಂಟನ್‌ನಲ್ಲಿ ಇಳಿದು ಬಸ್ಸು ಹಿಡಿಯಬೇಕು.