ಲಸಿಕೆಗೊಂದು ಕಿಲೊ ಬೇಳೆ

ವಿಜಯಪುರ ಜಿಲ್ಲೆಯ ಇಂಡಿ ಕಡೆ ಈಗ ತೊಗರಿ ಕಟಾವು. ಮಗುವಿಗೆ ಲಸಿಕೆ ಹಾಕಿಸಿ ಎಂದು ಆಶಾ ಕಾರ್ಯಕರ್ತೆ ಬದುವಿನ ತನಕ ನಡೆದು ಹೋಗಿ ಕರೆದರೂ ತಾಯಂದಿರ ಉತ್ತರ ಒಂದೇ: "ಇವತ್ತಿನ ಕೂಲಿ ತಪ್ಪುತ್ತದೆ ಅಕ್ಕಾ, ಮುಂದಿನ ವಾರ ಮಗುವನ್ನು ಕರೆತರುತ್ತೇನೆ." ಇದನ್ನು ಅಜ್ಞಾನ ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಲಸಿಕೆ ಹಾಕಿಸಿದವರಿಗೆ ಚಿಕ್ಕದೊಂದು ಉಡುಗೊರೆ ಕೊಟ್ಟರೆ ಹೆಚ್ಚು ಮಕ್ಕಳು ಬರುತ್ತಾರೆಯೇ ಎಂಬುದನ್ನು ರಾಜಸ್ಥಾನದ ಉದಯಪುರ ಜಿಲ್ಲೆಯಲ್ಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಪರೀಕ್ಷೆಗೆ ಒಡ್ಡಿದರು. 2010ರಲ್ಲಿ ಫಲಿತಾಂಶ ಪ್ರಕಟವಾಯಿತು. 134 ಹಳ್ಳಿಗಳು, ಯಾವ ಹಳ್ಳಿಗೆ ಏನು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದರು. ಬೇಕಾದವನ್ನು ಆರಿಸಿಕೊಂಡಿದ್ದರೆ ಚುರುಕಾದ ಊರುಗಳೇ ಒಂದು ಕಡೆ ಸೇರಿ ಲೆಕ್ಕ ಹಾದಿ ತಪ್ಪುತ್ತಿತ್ತು. ಎಂದಿನಂತೆ ಬಿಟ್ಟ ಹಳ್ಳಿಗಳಲ್ಲಿ ಪೂರ್ತಿ ಲಸಿಕೆ ಪಡೆದ ಮಕ್ಕಳು ಶೇ 6. ತಿಂಗಳಿಗೊಮ್ಮೆ ತಪ್ಪದೆ ಲಸಿಕೆ ಶಿಬಿರ ನಡೆದ ಕಡೆ ಶೇ 18. ಶಿಬಿರದ ಜೊತೆಗೆ ಪ್ರತಿ ಲಸಿಕೆಗೆ ಒಂದು ಕಿಲೊ ಬೇಳೆ, ಎಲ್ಲ ಮುಗಿದ ಮೇಲೆ ಊಟದ ತಟ್ಟೆಗಳು ಕೊಟ್ಟ ಕಡೆ ಶೇ 39!

ಬೇಳೆ ಕೊಟ್ಟರೂ ಒಂದು ಮಗುವಿನ ಪೂರ್ತಿ ಲಸಿಕೆಗೆ ತಗಲುವ ವೆಚ್ಚ ಬರೀ ಶಿಬಿರ ನಡೆದ ಕಡೆಗಿಂತ ಇಳಿಯಿತು. ನರ್ಸ್ ಸಂಬಳ ಹೇಗೂ ಕೊಡಲೇಬೇಕು, ಬರುವ ಮಕ್ಕಳು ಹೆಚ್ಚಿದರು, ಅಷ್ಟೇ.

ತೊಗರಿ ಬೆಳೆಯುವ ನಮ್ಮ ವಿಜಯಪುರ ಜಿಲ್ಲೆಯಲ್ಲೂ ಕೆಲವು ಹಳ್ಳಿಗಳಿಗೆ ಚೀಟಿ ಎತ್ತಿ ಇದನ್ನು ಮಾಡಿ ನೋಡಬೇಕು, ಸುಗ್ಗಿಯ ತಿಂಗಳುಗಳಲ್ಲೇ.