ವಾಷಿಂಗ್ಟನ್ ನೋಡುವುದಾದರೆ: ಹಗಲಿಗೆ ಎಷ್ಟು, ರಾತ್ರಿಗೆ ಎಷ್ಟು?

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗುವ ಅಪ್ಪ ಅಮ್ಮಂದಿರ ಪಟ್ಟಿಯಲ್ಲಿ ನಯಾಗರಾ, ನ್ಯೂಯಾರ್ಕ್ ಆದ ಮೇಲೆ ವಾಷಿಂಗ್ಟನ್ ಡಿ.ಸಿ. ಇದ್ದೇ ಇರುತ್ತದೆ. ಹೆಚ್ಚಿನವರು ಅದಕ್ಕೆ ಒಂದು ಶನಿವಾರ ಎತ್ತಿಡುತ್ತಾರೆ. ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಇಳಿಯುವ ಹೊತ್ತಿಗೆ ಮೊಬೈಲ್ ತುಂಬ ಬಿಳಿ ಕಂಬಗಳ ಫೋಟೊ ಇರುತ್ತದೆ. ಇದರಲ್ಲಿ ಲಿಂಕನ್ನನದು ಯಾವುದು, ಜೆಫರ್ಸನ್ನನದು ಯಾವುದು ಎಂದು ಕೇಳಿದರೆ ಮಗನ ಮುಖ ನೋಡುತ್ತಾರೆ. ಸೆಪ್ಟೆಂಬರ್‌ನಲ್ಲಿ ನಾನು, ಹೆಂಡತಿ ಮತ್ತು ಎಪ್ಪತ್ತು ದಾಟಿದ ನನ್ನ ಅಮ್ಮ ಅಲ್ಲಿ ಹಗಲಿನ ಪ್ರವಾಸವನ್ನೂ ರಾತ್ರಿಯ ಪ್ರವಾಸವನ್ನೂ ಬೇರೆ ಬೇರೆಯಾಗಿ ಮಾಡಿದೆವು. ಹೋಗಲಿರುವವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಮೊದಲು ಒಂದು ಲೆಕ್ಕ ತಲೆಯಲ್ಲಿರಲಿ. ಈ ಊರಿನಲ್ಲಿ ನೋಡುವ ಜಾಗಗಳು ಎರಡು ಬಗೆ: ಬಾಗಿಲು ಹಾಕುವಂಥವು, ಬಾಗಿಲೇ ಇಲ್ಲದವು. ಸಂಸತ್ ಭವನವಾದ ಕ್ಯಾಪಿಟಲ್, ಲೈಬ್ರರಿ ಆಫ್ ಕಾಂಗ್ರೆಸ್, ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯಗಳು, ಪೊಟೊಮ್ಯಾಕ್ ನದಿಯಾಚೆಯ ಆರ್ಲಿಂಗ್ಟನ್ ಸಮಾಧಿಭೂಮಿ, ಇವೆಲ್ಲ ಸಾಮಾನ್ಯವಾಗಿ ಸಂಜೆಗೆ ಬಾಗಿಲು ಹಾಕುತ್ತವೆ. ಲಿಂಕನ್, ಜೆಫರ್ಸನ್, ರೂಸ್‌ವೆಲ್ಟ್, ಮಾರ್ಟಿನ್ ಲೂಥರ್ ಕಿಂಗ್ ಸ್ಮಾರಕಗಳಿಗೂ ವಿಯೆಟ್ನಾಂ, ಕೊರಿಯಾ, ಎರಡನೇ ಮಹಾಯುದ್ಧದ ಸ್ಮಾರಕಗಳಿಗೂ 24 ಗಂಟೆಯೂ ಹೋಗಬಹುದು. ಟಿಕೆಟ್ ಇಲ್ಲ, ಬೇಲಿ ಇಲ್ಲ. ಹಗಲಿನ ಬಸ್ಸಿನವರು ಈ ಎರಡನ್ನೂ ಕಲಸಿಬಿಡುತ್ತಾರೆ. ರಾತ್ರಿ ಹತ್ತಕ್ಕೂ ನೋಡಬಹುದಾದ ಸ್ಮಾರಕದ ಮುಂದೆ ಮಧ್ಯಾಹ್ನ ಹನ್ನೆರಡರ ಬಿಸಿಲಿನಲ್ಲಿ ಇಳಿಸುತ್ತಾರೆ. ಅಲ್ಲಿಂದ ಬಿಡಿಸಿಕೊಂಡು ಕ್ಯಾಪಿಟಲ್ ತಲುಪುವಷ್ಟರಲ್ಲಿ ಒಳಗಿನ ಕೊನೆಯ ಪ್ರವಾಸ ಮುಗಿದಿರುತ್ತದೆ.

ಹಗಲಿನ ಬಸ್ಸುಗಳಲ್ಲಿ ಎರಡು ವಿಧ. ಎಲ್ಲಿ ಬೇಕಾದರೂ ಇಳಿದು ಹಿಂದೆ ಬರುವ ಬಸ್ಸು ಹತ್ತಬಹುದಾದದ್ದು ಒಂದು. ಗೈಡ್ ಜೊತೆಗಿದ್ದು ಇಂತಿಷ್ಟು ನಿಮಿಷ ಎಂದು ಇಳಿಸಿ ಹತ್ತಿಸುವುದು ಇನ್ನೊಂದು. ನಾವು ಹತ್ತಿದ ಮೊದಲ ಬಗೆಯ ಬಸ್ಸಿನಲ್ಲಿ ಗೈಡ್ ಬದಲು ಇಯರ್‌ಫೋನ್ ಕೊಟ್ಟಿದ್ದರು. ಬಸ್ಸು ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಕಿವಿಯಲ್ಲಿ ಮುಂದಿನ ಕಟ್ಟಡದ ಕಥೆ ಶುರುವಾಗುತ್ತಿತ್ತು. ಕಟ್ಟಡ ಕಣ್ಣಿಗೆ ಬೀಳುವ ಹೊತ್ತಿಗೆ ಸಂಗೀತ. ಅಮ್ಮ ಇಯರ್‌ಫೋನ್ ತೆಗೆದು ಕೈಚೀಲಕ್ಕೆ ಹಾಕಿಕೊಂಡು ಮರಗಳನ್ನು ನೋಡುತ್ತ ಕುಳಿತರು. ಅವರೇ ಜಾಣರು. ಇಳಿದ ಮೇಲೆ ಮುಂದಿನ ಬಸ್ಸಿಗೆ ಕಾಯುವ ಕಾಟ ಬೇರೆ.

ಬಸ್ಸಿನ ಜಾಹೀರಾತಿನಲ್ಲಿ ಶ್ವೇತಭವನದ ಚಿತ್ರ ದೊಡ್ಡದಾಗಿಯೇ ಇರುತ್ತದೆ. ಆದರೆ ಅದರ ಮುಂದಿನ ಪೆನ್ಸಿಲ್ವೇನಿಯಾ ಅವೆನ್ಯೂ 1995ರಿಂದ ವಾಹನಗಳಿಗೆ ಮುಚ್ಚಿದೆ. ಯಾವ ಬಸ್ಸೂ ಬಾಗಿಲ ಮುಂದೆ ಹಾಯುವುದಿಲ್ಲ. ಪಕ್ಕದ ಬೀದಿಯಲ್ಲಿ ಇಳಿದು ಲಫಾಯೆಟ್ ಚೌಕದವರೆಗೆ ನಡೆದು, ಬೇಲಿಯ ಕಂಬಿಗಳ ನಡುವಿನಿಂದ ಇಣುಕಿದರಾಯಿತು. ಒಳಗೆ ಹೋಗಲು ಬಹಳ ಮೊದಲೇ ಅರ್ಜಿ ಹಾಕಬೇಕು, ನಮ್ಮಂಥ ವಿದೇಶಿಯರಿಗೆ ಅದು ದಕ್ಕುವುದು ಅಪರೂಪ. ಆ ಆಸೆ ಬಿಟ್ಟರೆ ಅರ್ಧ ದಿನ ಉಳಿಯುತ್ತದೆ.

ಹಾಗಾದರೆ ಹಗಲು ಬಸ್ಸು ಬೇಡವೇ? ಕಾಲು ಗಟ್ಟಿಯಿರುವವರಿಗೆ ಬೇಡ ಎಂದೇ ಹೇಳುತ್ತೇನೆ. ಕ್ಯಾಪಿಟಲ್‌ನಿಂದ ಲಿಂಕನ್ ಸ್ಮಾರಕದವರೆಗೆ ಹಾಸಿಕೊಂಡಿರುವ ಹುಲ್ಲುಹಾಸಿನ ಪಟ್ಟಿಗೆ ನ್ಯಾಷನಲ್ ಮಾಲ್ ಎನ್ನುತ್ತಾರೆ (ಅಂಗಡಿಗಳ ಮಾಲ್ ಎಂದುಕೊಂಡು ಬರುವವರೂ ಇದ್ದಾರಂತೆ). ಅದರ ಉದ್ದ ಸುಮಾರು 3 ಕಿಲೋಮೀಟರ್. ನಡುವೆಯೇ ಸ್ಮಿತ್ಸೋನಿಯನ್ ಎಂಬ ಮೆಟ್ರೋ ನಿಲ್ದಾಣವಿದೆ. ಆದರೆ ಜುಲೈ, ಆಗಸ್ಟ್ ತಿಂಗಳ ಅಲ್ಲಿನ ಸೆಕೆ ಮಂಗಳೂರನ್ನು ನೆನಪಿಸುತ್ತದೆ, ಮಾಲ್‌ನ ನಡುವೆ ನೆರಳೂ ಕಡಿಮೆ. ವಯಸ್ಸಾದವರು ಜೊತೆಗಿದ್ದರೆ ಬಸ್ಸಿನ ದುಡ್ಡು ದಂಡವಲ್ಲ. ಹಳೆಯ ಪ್ರವಾಸ ಬರಹಗಳಲ್ಲಿ ಸರ್ಕ್ಯುಲೇಟರ್ ಎಂಬ ಅಗ್ಗದ ಕೆಂಪು ಬಸ್ಸಿನ ಸಲಹೆ ಇನ್ನೂ ಕಾಣಿಸುತ್ತದೆ. ಅದು 2024ರ ಕೊನೆಗೆ ನಿಂತುಹೋಯಿತು, ಹುಡುಕಬೇಡಿ.

ಹಗಲಿನಲ್ಲಿ ನೋಡಲೇಬೇಕಾದದ್ದು ಕ್ಯಾಪಿಟಲ್. ಇದಕ್ಕೆ ಖಾಸಗಿ ಪ್ರವಾಸದವರಿಗೆ ದುಡ್ಡು ಕೊಡಬೇಡಿ. ಸಂಸತ್ತಿನದೇ ಗೈಡ್‌ಗಳು ಉಚಿತವಾಗಿ ಕರೆದೊಯ್ಯುತ್ತಾರೆ. ಅವರದೇ ಜಾಲತಾಣದಲ್ಲಿ ಸಮಯ ಕಾಯ್ದಿರಿಸಿದರೆ ಸಾಕು. ಭಾನುವಾರ ರಜೆ. ಕಟ್ಟಡದ ಪೂರ್ವ ಬದಿಯಲ್ಲಿ, ನೆಲದಡಿಯ ಸಂದರ್ಶಕರ ಕೇಂದ್ರದಿಂದ ಪ್ರವೇಶ. ನಮ್ಮವರು ಗಮನಿಸಬೇಕಾದ ಮಾತು: ಒಳಗೆ ಯಾವ ತಿಂಡಿಯೂ ಹೋಗುವುದಿಲ್ಲ. ಪೊಟ್ಟಣ ಒಡೆಯದ ಬಿಸ್ಕತ್ತು, ಬಾಳೆಹಣ್ಣು, ನೀರು ಯಾವುದೂ ಇಲ್ಲ. ಖಾಲಿ ಬಾಟಲಿ ಮಾತ್ರ ಬಿಡುತ್ತಾರೆ. ನಮ್ಮ ಮುಂದಿನ ಸಾಲಿನಲ್ಲಿದ್ದ ಒಂದು ತೆಲುಗು ಕುಟುಂಬ ಕಸದ ಡಬ್ಬಿಯ ಪಕ್ಕ ನಿಂತು ಡಬ್ಬಿಯಲ್ಲಿದ್ದ ಪುಳಿಯೋಗರೆಯನ್ನು ಅವಸರ ಅವಸರವಾಗಿ ಖಾಲಿ ಮಾಡುತ್ತಿತ್ತು. ಕಾವಲಿನವನೂ ನಗುತ್ತ ಕಾದ.

ಒಳಗೆ ಕಿವಿಗೆ ಹೆಡ್‌ಫೋನ್ ಕೊಡುತ್ತಾರೆ, ಆದರೆ ಮಾತನಾಡುವವರು ಎದುರಿಗೇ ಇರುವ ಗೈಡ್. ಗುಮ್ಮಟದ ಕೆಳಗಿನ ವೃತ್ತಾಕಾರದ ಸಭಾಂಗಣದಲ್ಲಿ ನಿಂತು ತಲೆ ಎತ್ತಿದರೆ 180 ಅಡಿ ಎತ್ತರದಲ್ಲಿ 1865ರ ಭಿತ್ತಿಚಿತ್ರ, ಮೋಡಗಳ ನಡುವೆ ಜಾರ್ಜ್ ವಾಷಿಂಗ್ಟನ್. ಹೊರಗಿನಿಂದ ಕಲ್ಲಿನದೆಂದು ಕಾಣುವ ಆ ಗುಮ್ಮಟ ಎರಕದ ಕಬ್ಬಿಣದ್ದು, ಬಿಳಿ ಬಣ್ಣ ಬಳಿದಿದ್ದಾರೆ ಅಷ್ಟೆ. ಪ್ರತಿ ರಾಜ್ಯವೂ ಕೊಟ್ಟ ಎರಡೆರಡು ಪ್ರತಿಮೆಗಳು ಕಟ್ಟಡದ ತುಂಬ ಹಂಚಿಕೊಂಡಿವೆ. ಮುಗಿದ ಮೇಲೆ ಹೊರಗೆ ಬರಬೇಡಿ. ಸುರಂಗದ ಮೂಲಕವೇ ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ ಹೋಗಬಹುದು. ಅದಕ್ಕೂ ಉಚಿತ ಸಮಯದ ಪಾಸ್ ಬೇಕು. 1897ರ ಆ ಕಟ್ಟಡದ ಒಳಾಂಗಣ ನನ್ನ ಮಟ್ಟಿಗೆ ಕ್ಯಾಪಿಟಲ್‌ಗಿಂತ ಚೆಂದ.

ಸ್ಮಿತ್ಸೋನಿಯನ್ ಸಂಗ್ರಹಾಲಯಗಳಲ್ಲಿ ಒಂದು ದಿನಕ್ಕೆ ಒಂದನ್ನೇ ಆರಿಸಿಕೊಳ್ಳಿ. ಪ್ರವೇಶ ಉಚಿತ, ಆದರೆ ವಿಮಾನ ಮತ್ತು ಬಾಹ್ಯಾಕಾಶದ ಸಂಗ್ರಹಾಲಯಕ್ಕೆ ಪಾಸ್ ಮೊದಲೇ ತೆಗೆದಿಡಬೇಕು. ಅಮ್ಮನಿಗಾಗಿ ನಾವು ಹೋದದ್ದು ನಿಸರ್ಗ ಚರಿತ್ರೆಯದಕ್ಕೆ. ಅಲ್ಲಿ ಗೋಲ್ಕೊಂಡ ಸೀಮೆಯ ಗಣಿಯಿಂದ ಹೋದದ್ದೆನ್ನುವ 45.52 ಕ್ಯಾರೆಟ್‌ನ ನೀಲಿ ಹೋಪ್ ವಜ್ರವಿದೆ. ವಾಷಿಂಗ್ಟನ್ ಸ್ತಂಭದ ತುದಿಗೆ ಲಿಫ್ಟಿನಲ್ಲಿ ಹೋಗುವುದಾದರೆ ಆನ್‌ಲೈನಿನಲ್ಲಿ ತಲೆಗೆ 1 ಡಾಲರ್ ಶುಲ್ಕ. ಬೆಳಿಗ್ಗೆ ಬೇಗ ಹೋದರೆ ಸ್ಥಳದಲ್ಲೇ ಅಂದಿನ ಟಿಕೆಟ್ ಪುಕ್ಕಟೆ ಸಿಗುತ್ತದೆ. ಸಿಗದಿದ್ದರೂ ಬೇಸರ ಬೇಡ. ಕೆಳಗಿನಿಂದಲೇ ನೋಡಿ: 555 ಅಡಿಯ ಆ ಕಂಬದಲ್ಲಿ ಸುಮಾರು 150 ಅಡಿ ಮೇಲಕ್ಕೆ ಕಲ್ಲಿನ ಬಣ್ಣ ಬದಲಾಗುತ್ತದೆ. 1848ರಲ್ಲಿ ಶುರುವಾದ ಕೆಲಸ ಹಣವಿಲ್ಲದೆ ನಿಂತು, ಅಂತರ್ಯುದ್ಧ ದಾಟಿ, ಬೇರೆ ಗಣಿಯ ಕಲ್ಲಿನಿಂದ 1884ರಲ್ಲಿ ಮುಗಿಯಿತು. ಈ ಗೆರೆ ಹಗಲಿನಲ್ಲಿಯೇ ಚೆನ್ನಾಗಿ ಕಾಣುವುದು.

ಆರ್ಲಿಂಗ್ಟನ್‌ಗೆ ಗುರುತಿನ ಚೀಟಿ ಬೇಕು, ಪಾಸ್‌ಪೋರ್ಟ್ ಮನೆಯಲ್ಲಿಟ್ಟು ಹೋಗಬೇಡಿ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಅರ್ಧ ಗಂಟೆಗೊಮ್ಮೆ, ಉಳಿದ ತಿಂಗಳುಗಳಲ್ಲಿ ಗಂಟೆಗೊಮ್ಮೆ ಅಜ್ಞಾತ ಯೋಧನ ಸಮಾಧಿಯ ಕಾವಲು ಬದಲಾಗುತ್ತದೆ. ಕಾವಲುಗಾರ 21 ಹೆಜ್ಜೆ ನಡೆದು, 21 ಸೆಕೆಂಡ್ ನಿಂತು, ತಿರುಗಿ ಮತ್ತೆ ಅಷ್ಟೇ ನಡೆಯುತ್ತಾನೆ. ದಾರಿ ಏರು, ಮೊಣಕಾಲು ನೋವಿನವರು ಒಳಗಿನ ಟ್ರ್ಯಾಮ್‌ಗೆ ಟಿಕೆಟ್ ತೆಗೆದುಕೊಳ್ಳಲಿ.

ಇನ್ನು ರಾತ್ರಿಯ ಪ್ರವಾಸ. ದುಡ್ಡು ಕೊಟ್ಟು ಗೈಡ್ ಇಟ್ಟುಕೊಳ್ಳುವುದಾದರೆ ಇದಕ್ಕೇ ಇಟ್ಟುಕೊಳ್ಳಿ. ಕಾಯ್ದಿರಿಸುವ ಮುನ್ನ ಆ ದಿನದ ಸೂರ್ಯಾಸ್ತದ ಸಮಯ ನೋಡಿ. ಜೂನ್ ಕೊನೆಗೆ ಅಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಎಂಟೂವರೆ ದಾಟಿರುತ್ತದೆ. ಏಳಕ್ಕೆ ಹೊರಡುವ ‘ರಾತ್ರಿ ಪ್ರವಾಸ’ದ ಅರ್ಧ ಬೆಳಕಿನಲ್ಲೇ ಮುಗಿಯುತ್ತದೆ. ಡಿಸೆಂಬರ್‌ನಲ್ಲಿ ಐದಕ್ಕೂ ಮೊದಲೇ ಕತ್ತಲು, ಚಳಿ ಮಾತ್ರ ಕೊರೆಯುತ್ತದೆ. ಮಾರ್ಚ್ ಕೊನೆ, ಏಪ್ರಿಲ್ ಮೊದಲಲ್ಲಿ ಚೆರ್ರಿ ಹೂವಿನ ಜನಜಾತ್ರೆ. ಸೆಪ್ಟೆಂಬರ್, ಅಕ್ಟೋಬರ್ ನಮಗೆ ಹೇಳಿ ಮಾಡಿಸಿದ ಕಾಲ.

ಎರಡನೆಯದಾಗಿ, ಬಸ್ಸು ಎಲ್ಲೆಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತು ಇಳಿಸುತ್ತಾರೆ ಎಂದು ಕೇಳಿ. ಕಿಟಕಿಯಿಂದಲೇ ತೋರಿಸಿಕೊಂಡು ಹೋಗುವ ಪ್ರವಾಸಗಳೂ ಇವೆ, ರಾತ್ರಿ ಗಾಜಿನಲ್ಲಿ ಕಾಣುವುದು ನಿಮ್ಮದೇ ಮುಖ. ಲಿಂಕನ್ ಬಳಿ ಕನಿಷ್ಠ ಮುಕ್ಕಾಲು ಗಂಟೆ ಕೊಡುವವರನ್ನೇ ಆರಿಸಿ. ವಿಯೆಟ್ನಾಂ ಮತ್ತು ಕೊರಿಯಾ ಸ್ಮಾರಕಗಳು ಅದರ ಎಡಬಲದಲ್ಲೇ ಇವೆ. ಒಂದು ನಿಲುಗಡೆಯಲ್ಲಿ ಮೂರನ್ನು ಮುಗಿಸಬೇಕಾಗುತ್ತದೆ.

ಲಿಂಕನ್ನನನ್ನು ರಾತ್ರಿಯೇ ನೋಡಬೇಕು ಎನ್ನಲು ಕಾರಣವಿದೆ. 1922ರಲ್ಲಿ ಸ್ಮಾರಕ ಸಿದ್ಧವಾದಾಗ ಎದುರಿನ ಬೆಳಕು ಕೆಳಗಿನಿಂದ ಮುಖಕ್ಕೆ ಬಡಿದು, ಗಂಭೀರನಾಗಿ ಕುಳಿತಿರಬೇಕಾದವನು ಗಾಬರಿಗೊಂಡಂತೆ ಕಾಣುತ್ತಿದ್ದನಂತೆ. ಶಿಲ್ಪಿ ಡೇನಿಯಲ್ ಚೆಸ್ಟರ್ ಫ್ರೆಂಚ್ ಪಟ್ಟು ಹಿಡಿದ ಮೇಲೆ ಮೇಲಿನಿಂದ ವಿದ್ಯುದ್ದೀಪ ಹಾಕಿಸಿದರು. ಹೊರಗೆ ಕತ್ತಲಾದಾಗ ಆ ದೀಪಗಳಿಗೆ ಪೈಪೋಟಿಯಿಲ್ಲ. ಹುಬ್ಬಿನ ಕೆಳಗಿನ ನೆರಳು, ಮುಷ್ಟಿ ಕಟ್ಟಿದ ಎಡಗೈ, ಸಡಿಲವಾಗಿ ಬಿಟ್ಟ ಬಲಗೈ ಎಲ್ಲ ಬಿಡಿಸಿಟ್ಟಂತೆ ಕಾಣುತ್ತವೆ. ಅಂಗಳದಿಂದ ಮೇಲಕ್ಕೆ 58 ಮೆಟ್ಟಿಲು. ಹತ್ತಲಾಗದವರು ಲಿಫ್ಟ್ ನಡೆಯುತ್ತಿದೆಯೇ ಎಂದು ಹೊರಡುವ ಮೊದಲೇ ವಿಚಾರಿಸಿ. ಇಳಿಯುವಾಗ, ಪ್ರತಿಮೆಯಿಂದ 18 ಮೆಟ್ಟಿಲು ಕೆಳಗಿನ ಹಾಸುಗಲ್ಲನ್ನು ಗಮನಿಸಿ. 1963ರ ಆಗಸ್ಟ್ 28ರಂದು ಮಾರ್ಟಿನ್ ಲೂಥರ್ ಕಿಂಗ್ ನಿಂತು ಮಾತನಾಡಿದ್ದು ಅಲ್ಲಿಂದ. ಕಲ್ಲಿನ ಮೇಲೆ ಕೆತ್ತಿದ್ದಾರೆ. ಗೈಡ್ ಟಾರ್ಚ್ ಬಿಡದಿದ್ದರೆ ನಾವೂ ಅದನ್ನು ತುಳಿದುಕೊಂಡೇ ಹೋಗುತ್ತಿದ್ದೆವು.

ವಿಯೆಟ್ನಾಂ ಗೋಡೆಗೆ ಬಂದಾಗ ಗೈಡ್ ದನಿ ತಗ್ಗಿಸಿದ. ನಮ್ಮ ಗುಂಪಿನಲ್ಲಿ ಭಾರತದವರನ್ನು ಕಂಡು, ಈ ಕಪ್ಪು ಗ್ರಾನೈಟ್ ಬಂದದ್ದು ನಿಮ್ಮ ಬೆಂಗಳೂರಿನ ಕಡೆಯಿಂದ ಎಂದ. ನಿಜವೇ: ಕಲ್ಲು ಇಲ್ಲಿಂದ ಹೋಯಿತು, ಕೊಯ್ದದ್ದು ವರ್ಮಾಂಟ್‌ನಲ್ಲಿ, ಹೆಸರು ಕೆತ್ತಿದ್ದು ಟೆನೆಸಿಯ ಮೆಂಫಿಸ್‌ನಲ್ಲಿ. ವಿನ್ಯಾಸ ಮಾಡಿದ ಮಾಯಾ ಲಿನ್ ಆಗಿನ್ನೂ 21ರ ವಿದ್ಯಾರ್ಥಿನಿ. 1982ರ ಆ ಗೋಡೆಯ ಮೇಲೆ 58,000ಕ್ಕೂ ಹೆಚ್ಚು ಹೆಸರುಗಳಿವೆ, ಅಕಾರಾದಿಯಲ್ಲಲ್ಲ, ಸತ್ತ ದಿನಾಂಕದ ಅನುಕ್ರಮದಲ್ಲಿ. ಹೆಸರಿನ ಪಕ್ಕ ವಜ್ರಾಕೃತಿ ಇದ್ದರೆ ಸಾವು ಖಚಿತ, ಕೂಡುಗುರುತು ಇದ್ದರೆ ಇನ್ನೂ ಪತ್ತೆಯಿಲ್ಲ. “ನಮ್ಮ ಕಡೆಯ ಕಲ್ಲೇನೋ ಇದು?” ಎಂದು ಅಮ್ಮ ಅಂಗೈ ಊರಿ ನೋಡಿದರು. ಹೊಳಪು ಕೊಟ್ಟ ಕಲ್ಲಿನಲ್ಲಿ ಅವರ ಸೀರೆಯ ಅಂಚು, ಅದರ ಮೇಲೆ ಯಾರು ಯಾರದೋ ಹೆಸರು. ಮುಟ್ಟಲು ಅಡ್ಡಿಯಿಲ್ಲ, ಹೆಸರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳುವವರೂ ಇರುತ್ತಾರೆ. ಅಲ್ಲಿ ಸೆಲ್ಫಿ ತೆಗೆಯಬೇಡಿ, ದಯವಿಟ್ಟು.

ಕೊರಿಯಾ ಸ್ಮಾರಕವನ್ನು ಹಗಲಿನಲ್ಲಿ ನೋಡಿದವರು ಸಾಧಾರಣ ಎನ್ನಬಹುದು. ರಾತ್ರಿ ಅದರ ಕಥೆಯೇ ಬೇರೆ. ಮಳೆಗವಸು ಹೊದ್ದ 19 ಸ್ಟೀಲ್ ಸೈನಿಕರು ಪೊದೆಗಳ ನಡುವೆ ಚದುರಿ ನಡೆಯುತ್ತಿದ್ದಾರೆ, ಬೆಳಕು ಕೆಳಗಿನಿಂದ ಮುಖಕ್ಕೆ ಮಾತ್ರ. ಪಕ್ಕದ ಗೋಡೆಯಲ್ಲಿ ಪ್ರತಿಬಿಂಬ ಸೇರಿದರೆ 38. ಎರಡು ಕೊರಿಯಾಗಳ ನಡುವಿನ 38ನೇ ಅಕ್ಷಾಂಶದ ಸೂಚನೆ.

ಉಳಿದವುಗಳಲ್ಲಿ ಕಿಂಗ್ ಸ್ಮಾರಕ ಮತ್ತು ಜೆಫರ್ಸನ್ ಸ್ಮಾರಕ ಪಕ್ಕದ ಟೈಡಲ್ ಬೇಸಿನ್ ಎಂಬ ಕೊಳದ ಆಚೆ ದಡದಿಂದ ನೋಡಲು ಚೆನ್ನ. ರೂಸ್‌ವೆಲ್ಟ್‌ನದು ಜಲಪಾತಗಳಿರುವ ನಾಲ್ಕು ಬಯಲು ಕೋಣೆಗಳು, ಕತ್ತಲಲ್ಲಿ ನೆಲ ಕಾಣುವುದಿಲ್ಲ, ಹಗಲಿಗಿಡಿ. ಎರಡನೇ ಮಹಾಯುದ್ಧದ್ದು ನನಗೆ ಅತಿ ಆಡಂಬರವೆನಿಸಿತು. ಅಲ್ಲಿನ 4,048 ಚಿನ್ನದ ನಕ್ಷತ್ರಗಳಲ್ಲಿ ಒಂದೊಂದೂ 100 ಸಾವುಗಳ ಲೆಕ್ಕ ಎಂದು ಗೈಡ್ ಹೇಳಿದ ಮೇಲೆ ಮಾತ್ರ ಸ್ವಲ್ಪ ನಿಂತೆ.

ಬಸ್ಸಿನಲ್ಲಿ ಶೌಚಾಲಯ ಇರುವುದಿಲ್ಲವೆಂದೇ ತಿಳಿದುಕೊಳ್ಳಿ, ಹೊರಡುವ ಜಾಗದಲ್ಲೇ ಮುಗಿಸಿಕೊಳ್ಳಿ. ಊಟವೂ ಮೊದಲೇ ಆಗಲಿ, ರಾತ್ರಿ ಸ್ಮಾರಕಗಳ ಬಳಿ ಏನೂ ಸಿಗದು. ನದಿಯ ಗಾಳಿಗೆ ಒಂದು ಸ್ವೆಟರ್ ಇರಲಿ. ಗೈಡ್‌ಗೂ ಚಾಲಕನಿಗೂ ಟಿಪ್ಸ್ ಕೊಡುವುದು ಅಲ್ಲಿನ ರೂಢಿ, ಬಿಡಿ ನೋಟು ಇಟ್ಟುಕೊಳ್ಳಿ. ಹಿಂದಿರುಗಲು ಟ್ಯಾಕ್ಸಿ ಕರೆಯುವವರು ವಿಳಾಸದ ಕೊನೆಯ ಎರಡು ಅಕ್ಷರಗಳನ್ನು ಸರಿಯಾಗಿ ನೋಡಿ ಒತ್ತಬೇಕು. ಊರು ಕ್ಯಾಪಿಟಲ್‌ನಿಂದ ನಾಲ್ಕು ಭಾಗವಾಗಿದೆ, ಒಂದೇ ಹೆಸರಿನ ಬೀದಿ ಒಂದಕ್ಕಿಂತ ಹೆಚ್ಚು ಭಾಗಗಳಲ್ಲಿ ಇರಬಹುದು. ವಾಯವ್ಯದ ಎನ್‌ಡಬ್ಲ್ಯು ಬದಲು ಆಗ್ನೇಯದ ಎಸ್‌ಇ ಒತ್ತಿದರೆ, ರಾತ್ರಿ ಹತ್ತೂವರೆಗೆ ನೀವಿಳಿಯುವುದು ಊರಿನ ಇನ್ನೊಂದು ತುದಿಯಲ್ಲಿ.