ಹಾಜರಿ ಪುಸ್ತಕದಾಗ ಹೆಸರೈತಿ, ಹುಡುಗಿ ಹೊಲದಾಗ ಅದಾಳ

ಯಾರರೆ ಹಳ್ಳಿ ಸಾಲಿ ಬಗ್ಗೆ ಮಾತು ತಗದ್ರ ಸಾಕು, "ಪಾಲಕರಿಗೆ ಕಾಳಜಿನ ಇಲ್ರಿ, ಓದಿಸೋ ಮನಸ್ಸಿಲ್ಲ ಅವ್ರಿಗೆ" ಅನ್ನೋ ಮಾತು ಬಂದ ಬರ್ತೈತಿ. ಹುಬ್ಬಳ್ಳಿಯೊಳಗ ನಮ್ಮ ಆಫೀಸ್‌ನಾಗೂ ಅಂತಾರ, ಬಸ್ಸಿನಾಗೂ ಅಂತಾರ, ಓದಿದವ್ರ ಜಾಸ್ತಿ ಅಂತಾರ. ನಾನು ಇದನ್ನ ಒಪ್ಪಂಗಿಲ್ಲ. ನಮ್ಮೂರು ರಾಣೆಬೆನ್ನೂರ ಕಡೆ, ಅಲ್ಲಿ ಹುಡುಗೂರು ಸಾಲಿ ಯಾವಾಗ ಬಿಡ್ತಾರ ಅಂತ ಕೇಳ್ರಿ, ಯಾಕ ಬಿಡ್ತಾರ ಅನ್ನೋದು ತಾನ ಗೊತ್ತಾಗ್ತೈತಿ. ಹತ್ತಿ ಹೂ ಬಿಟ್ಟಾಗ ಕ್ರಾಸಿಂಗ್, ಜನವರಿ ಬಂತಂದ್ರ ಮೆಣಸಿನಕಾಯಿ ಬಿಡಿಸೋದು, ಗುಳೆ ಹೋಗೋ ಮನಿಗೋಳಿಗೆ ದೀಪಾವಳಿ ಮುಂದ ಕಬ್ಬು ಕಡಿಯಾಕ ಹೋದ್ರ ವಾಪಸ್ ಬರೋದು ಯುಗಾದಿ ಹೊತ್ತಿಗೆ. ಉಳಿದ ತಿಂಗಳು ಅವ ಹುಡುಗೂರು ಎಣ್ಣಿ ಹಚ್ಚಿ ತಲಿ ಬಾಚಕೊಂಡು ಸಾಲಿಗೆ ಬರ್ತಾರ, ಕಳಸೋರೂ ಅವ ಪಾಲಕರು.

ಕ್ರಾಸಿಂಗ್ ಅಂದ್ರ ಪ್ಯಾಟಿ ಮಂದಿಗೆ ಗೊತ್ತಿರಂಗಿಲ್ಲ, ಅದಕ್ಕ ಸ್ವಲ್ಪ ಬಿಡಿಸಿ ಹೇಳ್ತೀನಿ. ಹೈಬ್ರಿಡ್ ಹತ್ತಿ ಬೀಜ ಮಷಿನ್‌ನಾಗ ತಯಾರಾಗಂಗಿಲ್ಲ, ಒಂದೊಂದು ಹೂವಿಗೂ ಕೈ ಹಚ್ಚಬೇಕು. ಸಂಜಿಮುಂದ, ನಾಳೆ ಅರಳೋ ಮೊಗ್ಗಿ ಯಾವ್ದು ಅಂತ ಹುಡುಕಿ ಉಗುರಿಲೆ ಸೀಳಿ ಎಸಳು, ಗಂಡು ಭಾಗ ಎಲ್ಲಾ ಬಿಡಿಸಿ ತಗೀಬೇಕು, ನಡುವಿನ ಹೆಣ್ಣು ಭಾಗಕ್ಕ ಗಾಯ ಆಗಬಾರ್ದು, ಆಮ್ಯಾಲ ಅದಕ್ಕ ಗುರ್ತು ಕಟ್ಟಬೇಕು. ಮರುದಿನ ಮುಂಜಾನಿ ಗಂಡು ಗಿಡದ ಹೂವು ಹರಕೊಂಡ ಬಂದು ಒಂದೊಂದಕ್ಕೂ ಪರಾಗ ಸವರಬೇಕು. ಬಿಸಲೇರೂದ್ರೊಳಗ ಮುಗೀಬೇಕು, ತಡಾ ಆದ್ರ ಕಾಯಿ ಕಟ್ಟಂಗಿಲ್ಲ. ಸಾಲಿ ಗಂಟಿ ಹೊಡಿಯೋದೂ ಅದ ಹೊತ್ತಿಗೆ. ಹೂವು ಐತವಾರ ಸ್ವಾಮಾರ ನೋಡಂಗಿಲ್ಲ, ದಿನಾ ಅರಳ್ತಾವು, ಹಿಂಗ ಎರಡು ಮೂರು ತಿಂಗಳು ಬಿಡುವಿಲ್ಲದ ಕೆಲಸ. ಟೊಮ್ಯಾಟೊ, ಮೆಣಸಿನಕಾಯಿ, ಬೆಂಡಿ ಬೀಜದ ಪ್ಲಾಟ್‌ಗೋಳೂ ನಮ್ಮ ಕಡೆ ಬಾಳ, ಅಲ್ಲೂ ಹೆಚ್ಚು ಕಡಿಮಿ ಇದ ಕಥಿ.

ಈ ಹತ್ತಿ ನಮ್ಮ ಹೆಮ್ಮಿನೂ ಹೌದು. 1972ರಾಗ ವರಲಕ್ಷ್ಮಿ ತಳಿ ಹುಟ್ಟಿದ್ದು ಧಾರವಾಡದಾಗ, ಆಮ್ಯಾಲ 1981ರಾಗ ಡಿಸಿಎಚ್-32, ಅದನ್ನ ಜಯಲಕ್ಷ್ಮಿ ಅಂತ ಕರೀತಾರ. ಎಷ್ಟೋ ಮನಿ ಈ ಹತ್ತಿಯಿಂದ ಎದ್ದಾವು, ನಮ್ಮದೂ ಅದರಾಗ ಒಂದು. ಆದ್ರ ಅದು ಕೈಲೆ ಮಾಡೋ ಬೀಜ, ಆ ಕೈ ಯಾರದು ಅಂತ ಕೇಳಬೇಕಲ್ಲ. ಆಂಧ್ರ, ಗುಜರಾತ, ಕರ್ನಾಟಕ ಮೂರೂ ಕಡೆ ಬೀಜದ ಹೊಲದಾಗ ಸಣ್ಣ ಹುಡುಗೂರು, ಅದರಾಗೂ ಹುಡುಗ್ಯಾರ ಜಾಸ್ತಿ ದುಡದಾರ. ನಮ್ಮ ಓಣಿಯೊಳಗ ಒಬ್ಬಾಕಿ ತಾಯಿಗೆ, ಅಕ್ಕಾ, ಮಗಳನ್ನ ಸಾಲಿಗೆ ಯಾಕ ಕಳಸವಲ್ಲಿ ಅಂತ ಕೇಳಿದ್ದೆ. "ಏನ್ ಮಾಡೋದ್ ತಂಗಿ, ಅಕಿ ಬೆರಳು ಸಣ್ಣವು, ಮೊಗ್ಗಿ ಮುರಿಯಂಗಿಲ್ಲ, ಅಕಿ ಬಂದ್ರ ನನಗೂ ಕೂಲಿ ಕರೀತಾರ, ಒಬ್ಬಾಕೀನ ಬರ್ತೀನಂದ್ರ ಬ್ಯಾಡ ಅಂತಾರ" ಅಂದ್ಲು. ಆ ತಾಯಿಗೆ ಕಾಳಜಿ ಇಲ್ಲ ಅಂತ ಹೆಂಗ ಅನ್ನೋದು ಹೇಳ್ರಿ. ಹೊಲದವ್ರೂ ಕೆಟ್ಟವ್ರಲ್ಲ, ಕಂಪನಿ ಬೀಜಕ್ಕ ಕೊಡೋ ರೇಟ್ ಮೊದಲ ಫಿಕ್ಸ್ ಆಗಿರ್ತೈತಿ, ಖರ್ಚಿನಾಗ ಅರ್ಧಕ್ಕಿಂತ ಹೆಚ್ಚು ಕೂಲಿಗೇ ಹೋಗ್ತೈತಿ, ಅವ್ರು ಕಡಿಮಿ ಮಾಡಬಹುದಾದ್ದು ಅದೊಂದ. ಬಾಲಕಾರ್ಮಿಕರನ್ನ ಹಚ್ಚಬಾರ್ದು ಅಂತ ಕಂಪನಿಗೋಳು ಅಗ್ರಿಮೆಂಟ್‌ನಾಗ ಬರಸಕೊಳ್ತಾವು, ಬರಸಲಿ, ಆದ್ರ ಅದರ ಸಂಗಾಟ ರೇಟೂ ಏರಬೇಕಲ್ಲ. ಬಾಲಕಾರ್ಮಿಕ ಕಾಯ್ದೆಗೆ 2016ರಾಗ ತಿದ್ದುಪಡಿ ಆದಾಗಿಂದ, ದಿನದ ಸಾಲಿ ಹೊತ್ತು ಮುಗದ ಮ್ಯಾಲ ಇಲ್ಲಾ ಸೂಟಿಯೊಳಗ ಮನಿಯವ್ರ ಕೆಲಸಕ್ಕ ಮಕ್ಕಳು ನೆರವಾಗಬಹುದು ಅಂತ ಕಾನೂನೂ ಹೇಳ್ತೈತಿ, ಹಿಂಗಾಗಿ ಯಾರ್ ಕೇಳಿದ್ರೂ "ನಮ್ಮ ಹೊಲ, ನಮ್ಮ ಮಗಳು" ಅಂದ್ರ ಮುಗೀತು.

ಇದು ನಮ್ಮ ಊರಿಂದಷ್ಟ ಅಲ್ಲ. ಐಎಲ್‌ಒ (ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ) ಮತ್ತ ಯುನಿಸೆಫ್ ಲೆಕ್ಕದ ಪ್ರಕಾರ 2024ರಾಗ ಜಗತ್ತಿನೊಳಗ 13 ಕೋಟಿ 80 ಲಕ್ಷ ಮಕ್ಕಳು ದುಡೀತಿದ್ರು, ಅವರಾಗ ನೂರಕ್ಕ 61 ಮಂದಿ ಹೊಲ-ತ್ವಾಟದಾಗ. ನಾವು ತಿನ್ನೋ ಚಾಕಲೇಟ್‌ನ ಕೋಕೋ ಬೆಳಿಯೋದ್ರಾಗ ಐವರಿ ಕೋಸ್ಟ್, ಘಾನಾ ಎರಡ ದೇಶದಾಗ ಸುಮಾರು 15 ಲಕ್ಷ 60 ಸಾವಿರ ಮಕ್ಕಳು ಅದಾರ ಅಂತ 2020ರ ವರದಿ ಐತಿ. ಸಾಲಿಯಿಂದ ಹೊರಗಿರೋ ಮಕ್ಕಳು ಜಗತ್ತಿನ ತುಂಬ 27 ಕೋಟಿ 20 ಲಕ್ಷ ಅಂತ ಯುನೆಸ್ಕೋ 2025ರಾಗ ಹೇಳ್ತು. ಅಫಘಾನಿಸ್ತಾನದಾಗಂತೂ 2021ರಿಂದ ಹುಡುಗ್ಯಾರು ಹೈಸ್ಕೂಲ್‌ಗೆ ಹೋಗೋದ ಬಂದ್, ಅದನ್ನ ಓದಿದಾಗ ಹೊಟ್ಟ್ಯಾಗ ಸಂಕಟ ಆಗ್ತೈತಿ.

ಆದ್ರ ನನಗ ಹೆಚ್ಚು ಕಾಡೋದು ಈ ಲೆಕ್ಕದಾಗ ಬರಲಾರದ ಹುಡುಗೂರು. ಹೆಸರು ಹಾಜರಿ ಪುಸ್ತಕದಾಗ ಐತಿ, ಹಿಂಗಾಗಿ ಸಾಲಿ ಬಿಟ್ಟವ್ರಂತ ಅನ್ನಂಗಿಲ್ಲ, ಬಿಸಿಯೂಟ ಐತಿ, ಯುನಿಫಾರ್ಮ್ ಐತಿ, ಪುಸ್ತಕ ಐತಿ, ಆದ್ರ ವರ್ಷದಾಗ ಮೂರು ತಿಂಗಳು ಹುಡುಗಿ ಇಲ್ಲ. ಎರಡನೇತ್ತಾ ಇದ್ದಾಗ ಒತ್ತಕ್ಷರ ಕಲಿಸೋ ಹೊತ್ತಿಗೆ ಅಕಿ ಹೊಲದಾಗ, ಮೂರನೇತ್ತಾ ಭಾಗಾಕಾರ ಬರೋ ಹೊತ್ತಿಗೆ ಮತ್ತ ಹೊಲದಾಗ. ವಾಪಸ್ ಬಂದಾಗ ಕ್ಲಾಸ್ ಮುಂದ ಹೋಗಿರ್ತೈತಿ, ಅಕಿನ ಕುಂಡ್ರಿಸಿ ಬಿಟ್ಟಿದ್ದನ್ನ ಕಲಸಾಕ ಯಾರೂ ಇರಂಗಿಲ್ಲ. ಹಳ್ಳಿ ಮಕ್ಕಳಿಗೆ ಓದು-ಲೆಕ್ಕ ಎಷ್ಟು ಬರ್ತೈತಿ ಅಂತ ನೋಡೋ ಅಸರ್ ಸರ್ವೆ ಐತಿ, 2024ರ ಆ ಸರ್ವೆಯೊಳಗ ದೇಶದ ಹಳ್ಳಿಗಳಾಗ ಐದನೇತ್ತಾ ಓದೋ ಹುಡುಗೂರಾಗ ಎರಡನೇತ್ತಾ ಪಾಠ ಓದಾಕ ಬಂದವ್ರು ನೂರಕ್ಕ 48.8 ಮಾತ್ರ. ಉಳಿದ ಅರ್ಧದಷ್ಟು ಮಂದಿ ದಡ್ಡರೇನ್ರಿ?

ಮಾಸ್ತರ್ ಮ್ಯಾಲ ಹಾಕಿ ಕೈ ತೊಳಕೊಳ್ಳೋದು ಬ್ಯಾಡ. ಆರ್‌ಟಿಇ, ಅಂದ್ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 60 ಹುಡುಗೂರ ಮಟ ಪ್ರೈಮರಿ ಸಾಲಿಗೆ ಇಬ್ರ ಮಾಸ್ತರು, ಒಂದರಿಂದ ಐದನೇತ್ತಾ ಮಟ ಅವ್ರ ನೋಡಕೋಬೇಕು, ಒಬ್ರು ಮೀಟಿಂಗ್‌ಗೋ ಟ್ರೇನಿಂಗ್‌ಗೋ ಹೋದ್ರ ಉಳಿದ ಅಕ್ಕೋರ ಕೈಯಾಗ ಇಡೀ ಸಾಲಿ. ಚುನಾವಣಿ ಬಂದ್ರ ಅವ್ರ, ಗಣತಿ ಬಂದ್ರ ಅವ್ರ. 2025ರ ಜಾತಿ ಸಮೀಕ್ಷೆಗೂ ಮಾಸ್ತರ ಮಂದಿನ ಮನಿ ಮನಿ ತಿರಗಿದ್ರು, ದಸರಾ ಸೂಟಿ ಮುಂದ ಹೋಗಿ ಅಕ್ಟೋಬರ್ 18ರ ಮಟ ಸಾಲಿ ಬಂದ್. ಅದು ಕ್ರಾಸಿಂಗ್ ಸೀಸನ್‌ನ ನಟ್ಟ ನಡುವ. ಸಾಲಿ ಇಲ್ಲಂದ ಮ್ಯಾಲ ಹುಡುಗೂರು ಎಲ್ಲಿ ಹೋಗ್ತಾರ?

ಗದಗ ಕಡೆ ತಾಂಡಾದ ಮಕ್ಕಳದ್ದು ಇನ್ನೂ ಕಠಿಣ. ಮನ್ಯಾಗ ಲಂಬಾಣಿ, ಸಾಲ್ಯಾಗ ಕನ್ನಡ, ಕಬ್ಬಿನ ಗ್ಯಾಂಗ್ ಸಂಗಾಟ ಮಹಾರಾಷ್ಟ್ರಕ್ಕ ಹೋದ್ರ ಸುತ್ತ ಮರಾಠಿ. ಅಡ್ವಾನ್ಸ್ ತಗೊಂಡ ಮ್ಯಾಲ ಗಂಡ ಹೆಂಡ್ತಿ ಇಬ್ರೂ ಹೋಗಬೇಕು, ಮನ್ಯಾಗ ಮುದುಕರಿದ್ರ ಹುಡುಗೂರನ್ನ ಬಿಟ್ಟು ಹೋಗ್ತಾರ, ಇಲ್ಲಂದ್ರ ಗಾಡಿ ಹತ್ತಿಸಿಕೊಂಡ ಹೋಗ್ತಾರ. ಇಂಥವ್ರಿಗೆ ಅಂತ ಸರಕಾರದ ಸಮಗ್ರ ಶಿಕ್ಷಣ ಯೋಜನೆಯೊಳಗ ಸೀಸನಲ್ ಹಾಸ್ಟೆಲ್‌ಗೆ ಅವಕಾಶ ಐತಿ, ಊರಾಗ ಉಳದ ಸಾಲಿಗೆ ಹೋಗಬಹುದು, ಊಟ ವಸತಿ ಅಲ್ಲೇ. ನನ್ನ ಪ್ರಕಾರ ಇದಕ್ಕಿಂತ ಒಳ್ಳೆ ಕೆಲಸ ಇನ್ನೊಂದಿಲ್ಲ, ಆದ್ರ ಗ್ಯಾಂಗ್ ಹೊಂಡೋಕಿಂತ ಮೊದಲ ಅದು ಸುರು ಆಗಬೇಕು, ಡಿಸೆಂಬರ್‌ದಾಗ ಬಾಗಲಾ ತಗದ್ರ ಯಾರ ಮಕ್ಕಳು ಬರ್ತಾರ? ಹೊರಗುಳಿದ ಮಕ್ಕಳಿಗೆ ವಯಸ್ಸಿಗೆ ತಕ್ಕ ಕ್ಲಾಸು, ಅದರ ಸಂಗಾಟ ವಿಶೇಷ ತರಬೇತಿ ಕೊಡಬೇಕು ಅಂತ ಆರ್‌ಟಿಇಯ 4ನೇ ಸೆಕ್ಷನ್‌ನಾಗೂ ಐತಿ. ಅದನ್ನ ಸುಗ್ಗಿಗೆ ಹೋಗಿ ಬಂದ ಹುಡುಗೂರಿಗೂ ಕೊಡ್ರಿ, ಏಪ್ರಿಲ್-ಮೇ ಸೂಟಿಯೊಳಗ ಕೊಡ್ರಿ, ಕಲಸೋರಿಗೆ ಪಗಾರ ಕೊಟ್ಟು ಕಲಸ್ರಿ.

ಇದೆಲ್ಲಾ ಆಗಂಗಿಲ್ಲ ಅನ್ನೋರಿಗೆ ಉಜ್ಬೇಕಿಸ್ತಾನದ್ದು ಹೇಳ್ತೀನಿ. ಅಲ್ಲಿ ಸರಕಾರನ ಸಾಲಿ ಬಂದ್ ಮಾಡಿಸಿ ಹುಡುಗೂರನ್ನ ಹತ್ತಿ ಬಿಡಿಸಾಕ ಕಳಸ್ತಿತ್ತು, ವರ್ಷಾನುಗಟ್ಟಲೆ. ಹೊರಗಿನ ದೊಡ್ಡ ದೊಡ್ಡ ಬಟ್ಟಿ ಕಂಪನಿಗೋಳು ಆ ಹತ್ತಿ ನಮಗ ಬ್ಯಾಡ ಅಂದ್ವು, ಮೊದಲ ಮಕ್ಕಳನ್ನ ಬಿಟ್ರು, ಆಮ್ಯಾಲ ಒತ್ತಾಯದ ದುಡಿಮಿನ ನಿಲ್ತು, ಬಿಡಿಸೋರಿಗೆ ಕೂಲಿ ಏರ್ತು, 2021ರ ಸುಗ್ಗಿಯೊಳಗ ವ್ಯವಸ್ಥಿತವಾಗಿ ಮಕ್ಕಳನ್ನ ದುಡಿಸಿದ್ದು ಕಂಡಿಲ್ಲ ಅಂತ ಐಎಲ್‌ಒ ಹೇಳ್ತು. ಹತ್ತಿ ಅಲ್ಲಿ ಇನ್ನೂ ಬೆಳೀತೈತಿ. ಕೊಳ್ಳೋರು ಮನಸ್ಸು ಮಾಡಿದ್ರ ಆಗ್ತೈತಿ, ನಮ್ಮ ಕಡೆ ಕೊಳ್ಳೋರು ಅಂದ್ರ ಬೀಜದ ಕಂಪನಿಗೋಳು.

ಜೂನ್‌ನಾಗ ಸಾಲಿ ಸುರು ಆದ ಮ್ಯಾಲ ನಮ್ಮೂರ ಎಸ್‌ಡಿಎಂಸಿ (ಸಾಲಿ ನೋಡಕೊಳ್ಳೋ ಪಾಲಕರ ಸಮಿತಿ) ಮೀಟಿಂಗ್‌ಗೆ ನಾವೊಂದಿಷ್ಟು ಮಂದಿ ಹೋಗೋರದೀವಿ. ಕ್ರಾಸಿಂಗ್ ಇರೋ ತಿಂಗಳಾಗ ಯಾರು ಎಷ್ಟು ದಿನ ಬಂದಿಲ್ಲ ಅನ್ನೋದನ್ನ ವಾರಕ್ಕೊಮ್ಮೆ ಪಂಚಾಯ್ತಿ ಮುಂದ ಓದಬೇಕು, ಪ್ಲಾಟ್ ಮಾಡೋ ರೈತರನ್ನೂ ಕಂಪನಿ ಫೀಲ್ಡ್ ಮನುಷ್ಯಾನ್ನೂ ಅಲ್ಲಿ ಕರಸಬೇಕು, ದೊಡ್ಡವ್ರ ಕೂಲಿಗೆ ಸಾಲುವಷ್ಟು ರೇಟ್ ಎಷ್ಟು ಅಂತ ಎಲ್ಲಾರ ಎದುರಿಗೇ ಲೆಕ್ಕ ಹಾಕಬೇಕು ಅಂತ ಕೇಳ್ತೀವಿ. ನಿಮ್ಮೂರಾಗೂ ಸೀಡ್ಸ್ ಪ್ಲಾಟ್ ಇದ್ರ ನೀವೂ ಕೇಳ್ರಿ, ಬಿತ್ತಿಗಿ ಆಗೋಕಿಂತ ಮೊದಲ ಕೇಳ್ರಿ.